ದೊಡ್ಡಾಟ ಬೆಳಗಿನ್ಯಾಗ ಮುಗೀತು, ಯುದ್ಧ ಮುಗೀತೇನು?

ಘಟಪ್ರಭಾ ದಂಡಿ | ಮುಧೋಳ ಕಡೆ

ಎಲ್ಲಾರಿಗೂ ಶರಣ್ರಿ. ಹೋದ ವಾರ ನಮ್ಮೂರ ಜಾತ್ರ್ಯಾಗ ದೊಡ್ಡಾಟ ಇತ್ತು. ನಮ್ಮ ಕಾಕಾಂದು ಭೀಮನ ಪಾತ್ರ. ರಾತ್ರಿ ಹತ್ತಕ್ಕ ಗಣಪತಿ ಸ್ತುತಿ ಶುರುವಾಗಿ, ದುರ್ಯೋಧನನ ತೊಡಿ ಮುರಿಯೂದ್ರಾಗ ಮೂಡಲ ದಿಕ್ಕು ಕೆಂಪಾಗಿತ್ತು. ಮದ್ದಳಿ ನಿಂತ್ತು, ಮಂಗಳ ಹಾಡಿದ್ರು, ಆತು. ಸತ್ತ ದುರ್ಯೋಧನ ಎದ್ದು ಕುಂತು ಮೊದಲ ಕೇಳಿದ್ದು ‘ಚಹಾ ಬಂತೇನ್ರೋ?’ ಅಂತ. ಮಂದಿ ಚಾಪಿ ಸುತಗೊಂಡು ಮನಿ ಹಾದಿ ಹಿಡದ್ರು.

ನಾ ಅಲ್ಲೇ ಕುಂತಿದ್ದೆ. ಕಾಕಾ ಮಾರಿಮ್ಯಾಲಿನ ಬಣ್ಣ ಹಂಗ ಇಟಗೊಂಡು ಕಟ್ಟಿಮ್ಯಾಲ ಕುಂತು ಭುಜಕೀರ್ತಿ ಬಿಚ್ಚಾಕ ಹತ್ತಿದ್ದ. ಕೇಳಿದೆ, ‘ಕಾಕಾ, ಮುಂದೇನಾತು?’ ‘ಮುಂದೇನೋ, ಧರ್ಮರಾಜಗ ಪಟ್ಟ ಆತು.’ ‘ಗಾಂಧಾರಿಗೆ ಯಾರು ಹೋಗಿ ಹೇಳಿದ್ರು?’ ಕಾಕಾ ಜರಾ ಹೊತ್ತು ಸುಮ್ಮನಾಗಿ, ‘ಅದು ಆಟದಾಗ ಇಲ್ಲೋ ತಮ್ಮಾ’ ಅಂದ.

ಆಟದಾಗ ಇಲ್ಲದ್ದು ಎಲ್ಲಿ ಐತಿ ಅಂತ ಗ್ರಂಥಾಲಯಕ್ಕ ಹೋಗಿ ಸ್ತ್ರೀಪರ್ವ ಓದಿದೆ, ಶಾಂತಿಪರ್ವದ ಮೊದಲ ಭಾಗಾನೂ ಓದಿದೆ. ಓದಿದ ಮ್ಯಾಲ ತಲಿ ಇನ್ನಷ್ಟು ಕೆಟ್ಟತಿ. ಧರ್ಮರಾಜ ಅಳತಾನ, ಕಾಡಿಗೆ ಹೊಕ್ಕೀನಿ ಅಂತಾನ, ಊಟಾ ಬಿಡತೀನಿ ಅಂತಾನ. ಹದಿನೆಂಟು ದಿನ ಕೊಂದು ಹತ್ತೊಂಬತ್ತನೇ ದಿನ ಅತ್ರ ಅದು ಖರೇ ಅಳುವೋ, ಗೆದ್ದವನ ಸೋಗೋ? ಸತ್ತವರ ಹೊಣಿ ಯಾರ ತಲಿಮ್ಯಾಲ? ತಿಳಿದವರು ಹೇಳ್ರಿ.

ಪಿಂಚಣಿ ಮಾಸ್ತರ | ಬಾಗಲಕೋಟೆ

ಒಳ್ಳೆಯ ಪ್ರಶ್ನೆ ತಮ್ಮಾ. ಮೊದಲು ನಿಮ್ಮ ಕಾಕಾನ ಪರವಾಗಿ ಒಂದು ಮಾತು. ಇದು ಅವರ ತಪ್ಪಲ್ಲ. ನಮ್ಮ ಕನ್ನಡಿಗರ ಬಾಯಲ್ಲಿರುವ ಭಾರತ ಹೆಚ್ಚಾಗಿ ಗದುಗಿನ ಕುಮಾರವ್ಯಾಸನದು, ಅದು ಹತ್ತೇ ಪರ್ವ. ಉಳಿದ ಎಂಟನ್ನು ಆಮೇಲೆ ತಿಮ್ಮಣ್ಣ ಕವಿ ಪೂರೈಸಿದ, ಆದರೆ ಅದನ್ನು ಗಮಕಕ್ಕೆ ಎತ್ತಿಕೊಳ್ಳುವವರು ಎಷ್ಟು ಜನ? ಶಾಂತಿಪರ್ವ ಇಡೀ ಭಾರತದಲ್ಲೇ ಎಲ್ಲಕ್ಕಿಂತ ದೊಡ್ಡ ಪರ್ವ. ನಮ್ಮ ಆಟದವರಿಗೆ ಅದರಲ್ಲಿ ಕುಣಿಯಲಿಕ್ಕೆ ಏನೂ ಇಲ್ಲ.

ಆದರೆ ನೀನು ಮುಧೋಳದ ಕಡೆಯವ ಅಂತೀಯ. ನಿಮ್ಮೂರಿನ ಬಳೆಗಾರರ ಮನೆಯ ಹುಡುಗ ರನ್ನ, ಸಾವಿರ ವರ್ಷದ ಹಿಂದೆಯೇ ದುರ್ಯೋಧನನನ್ನು ಹೆಣಗಳ ನಡುವೆ ಕೈಹಿಡಿದು ನಡೆಸಿದ್ದಾನೆ. ಗದೆ ಎತ್ತುವ ಮೊದಲೇ ಅವ ದುಃಖವನ್ನು ತಂದಿಟ್ಟ. ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಂತು ಅಪ್ಪ, ನನಗೆ ನೀನು ತರ್ಪಣ ಬಿಡುವುದು ಕ್ರಮ, ನಿನಗೆ ನಾನು ಬಿಡುವಂತೆ ಮಾಡಿದೆಯಲ್ಲೋ ಎಂದು ಗೋಳಾಡುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣಕ್ಕೆ ಕೈಮುಗಿದು ಇಂಥ ಸಾವು ನನಗೂ ಬರಲಿ ಎನ್ನುತ್ತಾನೆ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಆ ಭಾಗ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗುತ್ತಿದ್ದರು.

ಗೋಳಗುಮ್ಮಟದ ಪಿಸುಮಾತು | ವಿಜಯಪುರ

ಮಾಸ್ತರ್ರ, ಸೋತವನ ಅಳು ನಂಬತೀನ್ರಿ. ಗೆದ್ದವನ ಅಳು? ಹೊಟ್ಟಿ ತುಂಬಿದವನ ಉಪವಾಸ ಇದ್ದಂಗ. ದ್ರೋಣಗ ಸುಳ್ಳು ಹೇಳಿದವ ಯಾರು? ಇದ ಧರ್ಮರಾಜ. ಅಭಿಮನ್ಯುನ್ನ ಚಕ್ರವ್ಯೂಹಕ್ಕ ಕಳಿಸಿದವ ಯಾರು? ಇದ ಧರ್ಮರಾಜ. ಎಲ್ಲಾ ಮುಗದ ಮ್ಯಾಲ ‘ಅಯ್ಯೋ ನನಗ ರಾಜ್ಯ ಬ್ಯಾಡ’ ಅಂದ್ರ ಸತ್ತವರ ಮನ್ಯಾಗ ಒಲಿ ಹತ್ತತೈತೇನು?

ಪಿಂಚಣಿ ಮಾಸ್ತರ | ಬಾಗಲಕೋಟೆ

ನೀವು ಹೇಳಿದ್ದನ್ನೇ ಅವನೂ ಹೇಳಿಕೊಳ್ಳುತ್ತಾನೆ, ಅದೇ ನನಗೆ ವಿಶೇಷ. ಶಾಂತಿಪರ್ವದಲ್ಲಿ ತನ್ನ ಪಾಪಗಳನ್ನು ಒಂದೊಂದಾಗಿ ಎಣಿಸುತ್ತಾನೆ. ನನ್ನನ್ನು ತೊಡೆಯ ಮೇಲೆ ಆಡಿಸಿದ ಅಜ್ಜನನ್ನು ಕೆಡವಿದೆ, ನನ್ನ ಮಾತನ್ನು ನಂಬಿದ ಗುರುವಿಗೆ ಸುಳ್ಳು ಹೇಳಿದೆ, ಅಣ್ಣನನ್ನು ಕೊಲ್ಲಿಸಿದೆ, ಎಳೆ ಹುಡುಗನನ್ನು ದ್ರೋಣನ ಸೈನ್ಯದೊಳಗೆ ನುಗ್ಗಿಸಿದೆ, ದ್ರೌಪದಿಯ ಐದು ಮಕ್ಕಳು ಹೋದರು. ಯಾವುದನ್ನೂ ‘ಆಯಿತು’ ಎನ್ನುವುದಿಲ್ಲ. ಎಲ್ಲಕ್ಕೂ ‘ನಾನು ಮಾಡಿದೆ’.

ಇದಕ್ಕಿಂತ ಮೊದಲೇ ಸ್ತ್ರೀಪರ್ವದಲ್ಲಿ ಒಂದು ದೃಶ್ಯ ಇದೆ. ನಿಧಾನವಾಗಿ ನೋಡಬೇಕಾದದ್ದು. ಗಾಂಧಾರಿಯ ಮುಂದೆ ಐವರೂ ನಿಂತಿದ್ದಾರೆ. ಮೊದಲು ಮಾತಾಡುವವನು ಭೀಮ. ಅವನ ಮಾತೆಲ್ಲ ವಕೀಲರ ಮಾತು. ಧರ್ಮವೋ ಅಧರ್ಮವೋ ತಾಯಿ, ಜೀವ ಉಳಿಸಿಕೊಳ್ಳಲು ಹೆದರಿ ಹಾಗೆ ಮಾಡಿದೆ ಅಂತಾನೆ. ನೇರ ಕಾಳಗದಲ್ಲಿ ನಿನ್ನ ಮಗನನ್ನು ಯಾರೂ ಗೆಲ್ಲಲಾರರು ಅಂತಾನೆ. ದುಶ್ಶಾಸನನ ರಕ್ತದ ಮಾತು ಬಂದಾಗ, ಅದು ನನ್ನ ಹಲ್ಲು ತುಟಿ ದಾಟಿ ಒಳಗೆ ಹೋಗಲಿಲ್ಲ ಅಂತಾನೆ! ಆಗ ಆಕೆ ಕೇಳುವ ಪ್ರಶ್ನೆ ಇದು. ನೂರರಲ್ಲಿ ಕಡಿಮೆ ತಪ್ಪು ಮಾಡಿದವನು ಒಬ್ಬನಾದರೂ ಇರಲಿಲ್ಲವೇ, ಈ ಇಬ್ಬರು ಕುರುಡರ ಕೈಗೆ ಒಂದೇ ಒಂದು ಊರುಗೋಲನ್ನು ಉಳಿಸಬಾರದಿತ್ತೇ?

ಆಮೇಲೆ ಆಕೆ ‘ಆ ರಾಜ ಎಲ್ಲಿ?’ ಅಂತಾಳೆ. ಧರ್ಮರಾಜ ನಡುಗುತ್ತಾ ಮುಂದೆ ಬಂದು, ನಿನ್ನ ಮಕ್ಕಳನ್ನು ಕೊಂದ ಕ್ರೂರಿ ನಾನೇ, ಶಾಪಕ್ಕೆ ತಕ್ಕವನು, ಶಪಿಸು ಅಂತಾನೆ. ನೆಪ ಇಲ್ಲ, ‘ಆದರೆ’ ಇಲ್ಲ. ಗಾಂಧಾರಿ ಏನೂ ಅನ್ನುವುದಿಲ್ಲ, ನಿಟ್ಟುಸಿರು ಬಿಡುತ್ತಾಳೆ. ಅವ ಕಾಲಿಗೆ ಬೀಳಲು ಬಗ್ಗಿದಾಗ ಕಣ್ಣಿನ ಪಟ್ಟಿಯ ಸಂದಿಯಿಂದ ಆಕೆಯ ದೃಷ್ಟಿ ಅವನ ಬೆರಳ ತುದಿಗೆ ತಾಗುತ್ತದೆ. ಉಗುರು ವಿಕಾರವಾಗುತ್ತದೆ. ಅದನ್ನು ಕಂಡು ಅರ್ಜುನ, ಗಾಂಡೀವ ಹಿಡಿದ ಅರ್ಜುನ, ಕೃಷ್ಣನ ಬೆನ್ನ ಹಿಂದೆ ಸರಿದು ನಿಲ್ಲುತ್ತಾನೆ.

ಗೋಳಗುಮ್ಮಟದ ಪಿಸುಮಾತು | ವಿಜಯಪುರ

ಅರ್ಜುನ ಅಡಗಿದ್ದು ಗೊತ್ತಿರಲಿಲ್ರಿ. ಓದತೀನಿ.

ಧರ್ಮೋ ರಕ್ಷತಿ

ಏನು ನಡೆದಿದೆ ಇಲ್ಲಿ? ಕ್ಷತ್ರಿಯನಿಗೆ ಯುದ್ಧ ಕರ್ತವ್ಯ. ಜೂಜಾಡಿಸಿದವರು, ಸೀರೆ ಎಳೆದವರು ಕೌರವರು. ಸಂಧಾನಕ್ಕೆ ಹೋದಾಗ ಸೂಜಿ ಮೊನೆಯಷ್ಟೂ ನೆಲ ಕೊಡೆನೆಂದವ ದುರ್ಯೋಧನ. ಹೊಣೆ ಪೂರಾ ಅವನದು. ಪಾಂಡವರನ್ನು ಕೊಲೆಗಾರರ ಕಟಕಟೆಯಲ್ಲಿ ನಿಲ್ಲಿಸುವುದು ಇತ್ತೀಚಿನವರ ಚಾಳಿ.

ಪಿಂಚಣಿ ಮಾಸ್ತರ | ಬಾಗಲಕೋಟೆ

ಇತ್ತೀಚಿನವರದಲ್ಲ ಸ್ವಾಮೀ. ಧರ್ಮರಾಜ ಹಸ್ತಿನಾವತಿ ಪ್ರವೇಶ ಮಾಡುವಾಗಲೇ ಚಾರ್ವಾಕ ಎಂಬವ ಎದ್ದು ನಿಂತು ‘ಕುಲವನ್ನು ಕೊಂದವನೇ, ನಿನಗೆ ಧಿಕ್ಕಾರ’ ಅಂದ. ಅವ ದುರ್ಯೋಧನನ ಗೆಳೆಯ, ಬ್ರಾಹ್ಮಣ ವೇಷದ ರಾಕ್ಷಸ ಅಂತ ಕಥೆ. ಉಳಿದ ಬ್ರಾಹ್ಮಣರು ಹೂಂಕಾರದಿಂದಲೇ ಅವನನ್ನು ಸುಟ್ಟರು.

ಜಮಖಂಡಿ ಜೋಳ

ನೋಡ್ರಿ, ಪ್ರಶ್ನಾ ಕೇಳಿದವನ್ನ ಸುಟ್ಟರು. ಅಂದಿಗೂ ಹಂಗ, ಇಂದಿಗೂ ಹಂಗ.

ಧರ್ಮೋ ರಕ್ಷತಿ

ಸುಟ್ಟದ್ದು ರಾಕ್ಷಸನನ್ನು. ಪೂರಾ ಓದಿ ಮಾತಾಡಿ ಅಕ್ಕಾ.

ಜಮಖಂಡಿ ಜೋಳ

ಓದೇನಿ ಅಣ್ಣಾ. ಸುಡೂಕಿಂತ ಮೊದಲ ಧರ್ಮರಾಜ ಏನಂದ ಅನ್ನೂದನ್ನೂ ಓದೇನಿ. ಕೈಮುಗದು, ‘ನಾನ ಸಾಯಾಕ ಹತ್ತೇನಿ, ನನಗ ಧಿಕ್ಕಾರ ಅನ್ನಬ್ಯಾಡ್ರಿ’ ಅಂದ. ಅಂದವ ರಾಕ್ಷಸ ಇದ್ರೂ ಮಾತು ಎದಿಗೆ ನಟ್ಟತಿ ಅಂದಂಗಾತು. ಸುಳ್ಳಿದ್ರ ನಕ್ಕು ಬಿಡತಿದ್ದ.

ನಿರ್ವಾಹಕರು

ಇಬ್ಬರೂ ಒಂದು ಗುಟುಕು ನೀರು ಕುಡಿದು ಬರ್ರಿ. ವೈಯಕ್ತಿಕ ಮಾತು ಬೇಡ. ವಿಷಯ ಚೆನ್ನಾಗಿ ನಡೆದಿದೆ, ಕೆಡಿಸಬ್ಯಾಡ್ರಿ.

ಜಮಖಂಡಿ ಜೋಳ

ಆತ್ರಿ ನಿರ್ವಾಹಕ್ರ. ನಾ ಹೇಳಾಕ ಬಂದದ್ದು ಬ್ಯಾರೇನ ಇತ್ತು. ಗಂಡಸರೆಲ್ಲ ಹೊಣಿ ಯಾರದು ಅಂತ ಪಂಚಾಯ್ತಿ ಮಾಡಾಕ ಹತ್ತೀರಿ, ಸ್ತ್ರೀಪರ್ವದಾಗ ಹೆಣ್ಮಕ್ಕಳು ಏನ ಮಾಡ್ಯಾರ ಅನ್ನೂದನ್ನ ನೋಡ್ರಿ.

ನಮ್ಮ ಆಯಿ ಸತ್ತವರ ಮನಿಗೆ ಹ್ವಾದ್ರ ಹಾಡಿ ಹಾಡಿ ಅಳತಿದ್ಲು. ಸುಮ್ಮ ಅಳೂದಲ್ಲ. ಹೆಣದ ಕೈ ಹಿಡದು ‘ಈ ಕೈಲೆ ಕೂರಿಗಿ ಹಿಡದಿದ್ಯಲ್ಲೋ, ಈ ಕೈಲೆ ಮಗಳಿಗೆ ದಂಡಿ ಕಟ್ಟಿದ್ಯಲ್ಲೋ, ಈ ಕೈಲೆ ಸಾಲದ ಕಾಗದಕ್ಕ ಹೆಬ್ಬಟ್ಟು ಒತ್ತಿದ್ಯಲ್ಲೋ’ ಅಂತ ಒಂದೊಂದ ನೆನಸೂದು. ಸತ್ತವನ ಒಳ್ಳೇದೂ ಬರತಿತ್ತು, ಅವ ಮಾಡಿದ ಸಾಲಾನೂ ಬರತಿತ್ತು, ಆ ಸಾಲಕ್ಕ ಹಾಕಿದವನ ಹೆಸರೂ ಬರತಿತ್ತು. ಆ ಮನಷ್ಯಾ ಅಲ್ಲೇ ಗ್ವಾಡಿಗೆ ಆತು ನಿಂತಿರತಿದ್ದ, ಬಾಯಿ ತಗೀತಿರಲಿಲ್ಲ. ಅಳು ಅನ್ನೂ ನೆವದಾಗ ಊರ ಮುಂದ ಲೆಕ್ಕ ಓದಿದಂಗ.

ಸ್ತ್ರೀಪರ್ವ ಓದಿದಾಗ ಮೈ ಝುಮ್ಮಂತು. ಕೌರವರ ಕಡೆ ಕಾದಾಡಿ ಸತ್ತ ಭೂರಿಶ್ರವನ ಹೇಣ್ತಿ ಗಂಡನ ಕಡದ ತೋಳು ಉಡ್ಯಾಗ ಇಟಗೊಂಡು ಅಗದೀ ಹಂಗ ಹಾಡತಾಳ. ಈ ಕೈ ಸಾವಿರ ಆಕಳ ದಾನ ಕೊಟ್ಟದ್ದು, ಈ ಕೈ ನನ್ನ ನಡುಪಟ್ಟಿ ಎಳದದ್ದು ಅಂತ. ಆಮ್ಯಾಲ ಅದ ಮಾತಿನ್ಯಾಗ ಹೊಳ್ಳಿ ಕೃಷ್ಣನ್ನ ಕೇಳತಾಳ. ಇನ್ನೊಬ್ಬರ ಕೂಡ ಕಾದಾಡೂ ಮುಂದ ಅರ್ಜುನ ಬಾಜೂಕಿಂದ ಬಂದು ಈ ಕೈ ಕಡದನಲ್ಲ, ಇದನ್ನ ನೀ ಸಭಾದಾಗ ಹೆಂಗ ಹೊಗಳತಿ? ಇದು ಅಳು ಏನ್ರಿ? ಇದು ಜವಾಬು ಕೇಳೂದು.

ಇನ್ನೊಂದು ಐತಿ, ಓದಿದ ರಾತ್ರಿ ನಿದ್ದಿ ಬರಲಿಲ್ಲ. ಹೆಣ್ಮಕ್ಕಳು ಒಂದು ರುಂಡ ತಂದು ಒಂದು ಮುಂಡಕ್ಕ ಹೊಂದಸತಾರ. ಹೊಂದೂದಿಲ್ಲ. ‘ಇದು ಇವಂದಲ್ಲ’ ಅಂತ ಮತ್ತ ಹುಡಕತಾರ. ಕೌರವರ ತಂಗಿ ದುಶ್ಶಲಾ ಗಂಡ ಜಯದ್ರಥನ ತಲಿ ಹುಡಕಿಕೋತ ಆ ಬಯಲತುಂಬ ಓಡ್ಯಾಡತಾಳ. ಉತ್ತರಿ ಇನ್ನೂ ಹುಡಿಗಿ, ಹೊಟ್ಟ್ಯಾಗ ಕೂಸು. ಅಭಿಮನ್ಯುನ ಕವಚ ಸಡ್ಲ ಮಾಡಿ, ರಗತದಾಗ ಅಂಟಗೊಂಡ ಕೂದಲಾ ಕೈಲೆ ಬಿಡಸತಾಳ, ನಿದ್ದಿ ಹತ್ತಿದವನ ತಲಿ ನೇವರಿಸಿದಂಗ.

ಗೋಳಗುಮ್ಮಟದ ಪಿಸುಮಾತು | ವಿಜಯಪುರ

ಅಕ್ಕಾರ, ನಮ್ಮೂರಾಗ ಸಾಠ ಕಬರ ಅಂತ ಒಂದ ಜಾಗಾ ಐತಿ. ಅಫ್ಜಲಖಾನ 1659ರಾಗ ಶಿವಾಜಿ ಮ್ಯಾಲ ಹೋಗೂ ಮುಂದ, ತಾ ತಿರಗಿ ಬರೂದಿಲ್ಲಂತ ತಿಳಕೊಂಡು ಹೇಣ್ತ್ಯಾರನ್ನೆಲ್ಲ ಕೊಂದ ಹ್ವಾದ ಅಂತ ಜನ ಹೇಳತಾರ. ಕಥಿ ಖರೇ ಎಷ್ಟೋ, ಕಲ್ಲಿನ ಸಮಾಧಿ ಸಾಲಂತೂ ಕಣ್ಣಮುಂದ ಐತಿ. ನಿಮ್ಮ ಮಾತು ಓದಿದಾಗ ಅದ ನೆನಪಾತು. ಗಾಂಧಾರಿಗೆ ಅಳಾಕರ ಸಿಕ್ತು.

ಮೊಹರಂ ಮ್ಯಾಳ | ಇಂಡಿ ಕಡೆ

ಜೋಳದ ಅಕ್ಕಾರು ಹೇಳಿದ್ದು ನಮ್ಮ ಮೊಹರಂ ಪದದಾಗ ಹಂಗ ಐತಿ. ಕರ್ಬಲಾದಾಗ ನೀರಿಲ್ಲದ ಸತ್ತ ಕೂಸಿನ ಪದ ನಮ್ಮೂರಾಗ ಹಾಡವ್ರು ಅರ್ಧಾ ಮಂದಿ ಲಿಂಗಾಯತರು, ಕುರುಬರು. ಹೆಜ್ಜಿ ಹಾಕಿಕೋತ ಕಣ್ಣೀರ ಒರಸತಾರ. ಸತ್ತವರು ಯಾರ ಪೈಕಿ ಅಂತ ಅಲ್ಲಿ ಯಾರೂ ಕೇಳೂದಿಲ್ಲ. ಧರ್ಮರಾಜನೂ ಹಂಗ ಸತ್ತವರನ್ನೆಲ್ಲ ಒಂದ ಸಾಲಿನ್ಯಾಗ ಸುಡಸಿದನಾ ಅಥವಾ ತನ್ನವರನ್ನಷ್ಟನಾ? ಮಾಸ್ತರ ಹೇಳ್ರಿ.

ಪಿಂಚಣಿ ಮಾಸ್ತರ | ಬಾಗಲಕೋಟೆ

ಎಲ್ಲರನ್ನೂ. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ, ಯಾರೂ ಮಾತಾಡುವುದಿಲ್ಲ. ಧೌಮ್ಯ, ವಿದುರ, ಸಂಜಯ, ಯುಯುತ್ಸು ಮುಂತಾದವರನ್ನು ಕರೆದು ಅವ ಹೇಳುವುದು, ದಿಕ್ಕಿಲ್ಲದವನಂತೆ ಯಾರ ಶರೀರವೂ ಹಾಳಾಗಕೂಡದು. ಗಂಧ, ಅಗರು, ತುಪ್ಪ, ಎಣ್ಣೆ ತರಿಸುತ್ತಾರೆ. ಸೌದೆಗೆ ಮುರಿದ ರಥಗಳನ್ನೂ ಕೂಡಿಸುತ್ತಾರೆ. ಯುದ್ಧದ ಬಂಡಿಯೇ ಚಿತೆಯಾಯಿತು. ದುರ್ಯೋಧನ, ಕರ್ಣ, ಅಭಿಮನ್ಯು ಎಲ್ಲರದೂ ಆಯಿತು. ನಾನಾ ದೇಶದಿಂದ ಬಂದು ಸತ್ತ, ಹೆಸರು ಹೇಳುವವರಿಲ್ಲದವರನ್ನು ಸಾವಿರ ಸಾವಿರವಾಗಿ ರಾಶಿ ಹಾಕಿ ವಿದುರನೇ ನಿಂತು ಸುಡಿಸುತ್ತಾನೆ. ಪಟ್ಟ ಆದ ಮೇಲೆ, ಬಂಧುಗಳಿಲ್ಲದ ಅರಸರ ಶ್ರಾದ್ಧವನ್ನೂ ಧರ್ಮರಾಜನೇ ಮಾಡಿ, ಅವರ ಹೆಸರಿನಲ್ಲಿ ಕೆರೆ, ಅರವಟ್ಟಿಗೆ, ಛತ್ರ ಕಟ್ಟಿಸುತ್ತಾನೆ. ಗಂಡ, ಮಕ್ಕಳು ಸತ್ತ ಹೆಂಗಸರನ್ನು ಮೊದಲಿನ ಗೌರವದಲ್ಲೇ ಪೋಷಿಸುತ್ತಾನೆ.

ಹಾಗಾಗಿ ಪಿಸುಮಾತಿನವರ ಪ್ರಶ್ನೆಗೆ, ಸತ್ತವರ ಮನೆಯಲ್ಲಿ ಒಲೆ ಹತ್ತುತ್ತದೆಯೇ ಎಂಬುದಕ್ಕೆ, ಅಳುವಿನಿಂದ ಹತ್ತಲಿಲ್ಲ, ಅತ್ತ ಮೇಲೆ ಮಾಡಿದ ಕೆಲಸದಿಂದ ಹತ್ತಿತು ಎನ್ನಬೇಕು.

ಬೋರವೆಲ್ ಬಸಣ್ಣ ಅಲ್ಲ | ಬಸವನ ಬಾಗೇವಾಡಿ

ಮಾಸ್ತರ್ರ, ಭೀಮ ಅಣ್ಣಗ ಬೈದದ್ದು ಹೇಳಲಿಲ್ರಿ. ನಮ್ಮ ಬಾಗೇವಾಡಿ ಮಂದಿಗೆ ಹೇಳಿ ಮಾಡಿಸಿದ ಮಾತು. ಕಾಡಿಗೆ ಹೊಕ್ಕೀನಿ ಅಂದ ಧರ್ಮರಾಜಗ ಭೀಮ ಅಂತಾನ, ನಿನ್ನ ಬಾಳೆ ಬಾಂವಿ ತೋಡಿ, ನೀರ ಮುಟ್ಟೂಕಿಂತ ಮೊದಲ ಮೈತುಂಬ ರಾಡಿ ಮಾಡಿಕೊಂಡು ಮ್ಯಾಲ ಬಂದವನಂಗಾತು. ಆರುನೂರು ಅಡಿ ಕೊರದು ಒಣಾ ಧೂಳಿ ನೋಡಿದವ ನಾ. ಆ ಸಂಕಟ ಗೊತ್ತೈತಿ.

ಜಮಖಂಡಿ ಜೋಳ

ದ್ರೌಪದಿ ಇನ್ನೂ ಜೋರ ಅದಾಳ. ನಿನಗ ಹುಚ್ಚ ಹಿಡದತಿ, ಹಿರಿಯಾಗ ಹುಚ್ಚ ಹಿಡದ್ರ ಮನಿಮಂದಿಗೆಲ್ಲ ಹಿಡೀತತಿ, ಇಲ್ಲಂದ್ರ ನಿನ್ನ ತಮ್ಮಂದಿರು ನಿನ್ನ ಕಟ್ಟಿಹಾಕಿ ತಾವ ರಾಜ್ಯ ಆಳತಿದ್ರು ಅಂತಾಳ. ಧೂಪ ಹಾಕಿ, ಕಣ್ಣಿಗೆ ಅಂಜನ ಹಚ್ಚಿ, ಮೂಗಿನ್ಯಾಗ ಔಷಧ ಬಿಟ್ಟು ವಾಸಿ ಮಾಡಬೇಕು ಅಂತ ಉಪಚಾರಾನೂ ಹೇಳತಾಳ! ಐದು ಮಕ್ಕಳನ್ನ ಒಂದ ರಾತ್ರ್ಯಾಗ ಕಳಕೊಂಡ ತಾಯಿ ಇಕಿ. ಆಕಿಗೆ ಗಂಡನ ವೈರಾಗ್ಯ ಅಂದ್ರ ಮಕ್ಕಳು ಸತ್ತದ್ದು ಸುಮ್ಮ ಸುಮ್ಮನ ಅಂದಂಗ ಕೇಳಿರಬೇಕು.

ಧರ್ಮೋ ರಕ್ಷತಿ

ಈ ಮಾತು ಒಪ್ಪಿದೆ ಅಕ್ಕಾ. ನಾನು ಹೇಳಬೇಕೆಂದದ್ದೂ ಇದೇ. ರಾಜ್ಯ ಬಿಟ್ಟು ಹೋಗುವುದು ಸುಲಭ.

ಮೇಗುತಿ ಗುಡ್ಡ | ಹುನಗುಂದ ಕಡೆ

ಚರ್ಚೆಯ ಹಾದಿ ಸ್ವಲ್ಪ ತಪ್ಪಿಸ್ತೀನಿ, ಕ್ಷಮಿಸಿ. ಐಹೊಳೆಯ ಮೇಗುತಿ ಗುಡಿಯ ಗೋಡೆ ಮೇಲೆ ರವಿಕೀರ್ತಿಯ ಶಾಸನ ಇದೆಯಲ್ಲ, 634ರದ್ದು. ಎರಡನೆಯ ಪುಲಿಕೇಶಿಯ ಗೆಲುವುಗಳ ಪಟ್ಟಿ. ಹರ್ಷನ ಆನೆಗಳು ಬಿದ್ದದ್ದು, ಹರ್ಷನ ಹರ್ಷವೇ ಇಳಿದುಹೋದದ್ದು ಎಲ್ಲ ಇದೆ. ಸತ್ತವರಿಗಾಗಿ ಅತ್ತ ಒಬ್ಬ ಹೆಂಗಸೂ ಆ ಕಲ್ಲಿನಲ್ಲಿಲ್ಲ. ಆದರೆ ಕಾಲ ಹೇಳುವಾಗ ರವಿಕೀರ್ತಿ ಶಕವರ್ಷ 556ರ ಜೊತೆಗೆ ಇನ್ನೊಂದು ಲೆಕ್ಕ ಕೊಡುತ್ತಾನೆ: ಭಾರತ ಯುದ್ಧ ಆಗಿ 3735 ವರ್ಷ.

ನಾನು ಆ ಗುಡ್ಡ ಹತ್ತಿ ಎಷ್ಟು ಸಲ ಕುಳಿತಿದ್ದೇನೋ. ವರ್ಷ ಎಣಿಸಲಿಕ್ಕೆ ಒಂದು ಪಟ್ಟಾಭಿಷೇಕದಿಂದಲೋ ಹುಟ್ಟಿನಿಂದಲೋ ಶುರು ಮಾಡಬಹುದಿತ್ತು. ಯುದ್ಧದಿಂದ ಶುರು ಮಾಡಿದ. ನಮ್ಮೂರಲ್ಲಿ ಈಗಲೂ ‘ಮಹಾಪೂರ ಬಂದು ಎಷ್ಟ ವರ್ಷಾತು’ ಅಂತ 2019ರಿಂದ ಎಣಿಸುತ್ತಾರೆ, ‘ಅಪ್ಪ ಸತ್ತ ವರ್ಷ ಹುಟ್ಟಿದ ಕರ’ ಅಂತಾರೆ. ಮನೆ ಕಳೆದುಕೊಂಡವರು ಎಣಿಸುವ ರೀತಿ ಅದು.

ಘಟಪ್ರಭಾ ದಂಡಿ | ಮುಧೋಳ ಕಡೆ

ಹಾದಿ ತಪ್ಪಿಲ್ಲ ಸರ್. 2019ರಾಗ ನಮ್ಮ ಮನ್ಯಾಗೂ ನೀರ ಬಂದಿತ್ತು. ಗ್ವಾಡಿಮ್ಯಾಲಿನ ಗುರುತು ಇನ್ನೂ ಐತಿ, ಸುಣ್ಣ ಹಚ್ಚಿದ್ರೂ ಮೂಡತೈತಿ.

ಹಳೇ ಟ್ರಂಕು | ಬೆಳಗಾವಿ ಜಿಲ್ಲೆ

ಮೂರು ದಿನದಿಂದ ಓದಾಕ ಹತ್ತೇನಿ. ಬರೀಲೋ ಬ್ಯಾಡೋ ಅಂತ ಇದ್ದೆ. ನಾ ಫೌಜಿನ್ಯಾಗ ಇದ್ದವ. ಎಲ್ಲಿ, ಯಾವಾಗ ಅನ್ನೂದು ಬ್ಯಾಡ.

ಮೊದಲ ಒಂದು ಲೆಕ್ಕ. ಒಂದು ಅಕ್ಷೌಹಿಣಿ ಅಂದ್ರ 21,870 ರಥ, ಅಷ್ಟ ಆನಿ, 65,610 ಕುದುರಿ, 1,09,350 ಕಾಲಾಳು. ಹದಿನೆಂಟು ಅಕ್ಷೌಹಿಣಿ ಕೂಡಿಸಿದ್ರ 39,36,600 ಆಕ್ಕತಿ. ಆದ್ರ ಎಷ್ಟ ಮಂದಿ ಸತ್ತರು ಅಂತ ಧೃತರಾಷ್ಟ್ರ ಕೇಳಿದಾಗ ಧರ್ಮರಾಜ 166 ಕೋಟಿ 20 ಸಾವಿರ ಅಂತಾನ. ಹೊಂದೂದಿಲ್ಲ. ಹೊಂದೂದು ಬ್ಯಾಡ. ನನ್ನ ಕಣ್ಣು ನಿಂತದ್ದು ಅದರ ಮುಂದಿನ ಸಂಖ್ಯೆಮ್ಯಾಲ. ಕಣ್ಣಿಗೆ ಬೀಳದ ಹ್ವಾದವರು 24,165. ಉಳಕೊಂಡು ಹ್ವಾದವರು ಅಂತ ಅರ್ಥ ಹೇಳವ್ರೂ ಅದಾರ, ನಾ ನಾಪತ್ತೆ ಅಂತ ಓದತೀನಿ. ಕೋಟಿ ಲೆಕ್ಕದಾಗ ಸಾವಿರ ಸುಮ್ಮ ಬಿಡಬಹುದಿತ್ತು. ಕಡೀ ಅರವತ್ತೈದು ಮಂದಿನ್ನೂ ಬಿಟ್ಟಿಲ್ಲ. ಹಾಜರಿ ಪಟ್ಟಿ ಬರದ ಕೈ ಅದು, ಕವಿ ಕೈ ಅಲ್ಲ ಅನಸ್ತು ನನಗ.

ಈಗ ನಂದು. ಬಾಜೂಕಿದ್ದವ ಹ್ವಾದ. ಅವನ ಟ್ರಂಕು ಅವನ ಊರಿಗೆ ಮುಟ್ಟಸೂ ಕೆಲಸ ನನ್ನ ಪಾಲಿಗೆ ಬಂತು, ಯಾಕಂದ್ರ ಇಬ್ಬರದೂ ಒಂದ ಸೀಮಿ, ಒಂದ ಮಾತು. ಟ್ರಂಕಿನ್ಯಾಗ ದಾಡಿ ಬ್ರಷ್, ಉಣ್ಣಿ ಕಾಲಚೀಲ, ಅರ್ಧಾ ಬರದು ಬಿಟ್ಟ ಇನ್ಲ್ಯಾಂಡ್ ಪತ್ರ. ಅವರವ್ವ ಪಡಸಾಲ್ಯಾಗ ಕುಂತಿದ್ಲು. ಪೆಟ್ಟಿಗಿ ತಗದು ಒಂದೊಂದ ಸಾಮಾನು ಉಡ್ಯಾಗ ಇಟಗೊಂಡು, ಆಮ್ಯಾಲ ನನ್ನ ಕೇಳಿದ್ಲು, ‘ನೀ ಅವನ ಬಾಜೂಕ ಇದ್ದ್ಯೇನೋ ಯಪ್ಪಾ?’ ‘ಇದ್ದೆ ಅವ್ವಾ.’ ಮುಂದ ಏನೂ ಕೇಳಲಿಲ್ಲ. ನನ್ನ ಮಾರಿನೂ ನೋಡಲಿಲ್ಲ. ನನ್ನ ಬೂಟು ನೋಡಿಕೋತ ಕುಂತ್ಲು. ಪಾಲಿಶ್ ಮಾಡಿದ ಬೂಟು, ಬಾಗಲಾಗ ಬಿಚ್ಚೂದು ಮರತಿದ್ದೆ. ಭಾಳ ಹೊತ್ತಿನ ಮ್ಯಾಲ ‘ಊಟಾ ಮಾಡಿ ಹೋಗು’ ಅಂದ್ಲು.

ಮಾಸ್ತರ ಧರ್ಮರಾಜನ ಉಗುರಿನ ಮಾತು ಬರದಾಗ ನಾ ಮೊಬೈಲ್ ಕೆಳಗ ಇಟ್ಟು ಹೊರಗ ಹೋಗಿ ನಿಂತೆ.

ಅವ ಸತ್ತದ್ದಕ್ಕ ನಾ ಕಾರಣ ಅಲ್ಲ. ಹಂಗಂತ ನನಗ ಗೊತ್ತೈತಿ, ಆ ಅವ್ವಗೂ ಗೊತ್ತಿತ್ತು. ಖರೇ, ಅದು ಗೊತ್ತಿದ್ರ ಹೊಣಿ ಇಳೀತತಿ ಅನ್ನೂದು ಸುಳ್ಳು. ಪಿಂಚಣಿ ಬಂದ ಮ್ಯಾಲ ಪ್ರತಿ ವರ್ಷ ಬಿತ್ತಗಿಗೆ ಆ ಊರಿಗೆ ಹೊಕ್ಕೀನಿ. ಎರಡು ದಿನ ಕೂರಿಗಿ ಹಿಡೀತೀನಿ, ಹೊಳ್ಳಿ ಬರತೀನಿ. ಮೊದಲ ನಾಕೈದು ವರ್ಷ ಆಕಿ ಸಣ್ಣ ಮಗ ನನ್ನ ಕೂಡ ಮಾತ ಆಡತಿರಲಿಲ್ಲ.

ಧರ್ಮೋ ರಕ್ಷತಿ

ನಮಸ್ಕಾರ ಸಾಹೇಬ್ರ.

ಪಿಂಚಣಿ ಮಾಸ್ತರ | ಬಾಗಲಕೋಟೆ

ಏನು ಬರೆಯಬೇಕೋ ತಿಳಿಯದೆ ಒಂದು ದಿನ ಸುಮ್ಮನಿದ್ದೆ. ನಿಮ್ಮ ಕೊನೆಯ ಸಾಲು ಓದಿದಾಗ ಆಶ್ರಮವಾಸಿಕ ಪರ್ವ ನೆನಪಾಯಿತು. ಯುದ್ಧ ಆದ ಮೇಲೆ ಧೃತರಾಷ್ಟ್ರ, ಗಾಂಧಾರಿ ಕಾಡಿಗೆ ಹೋದರು ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ನಡುವೆ ಹದಿನೈದು ವರ್ಷ ಅವರು ಪಾಂಡವರ ಮನೆಯಲ್ಲೇ ಇದ್ದರು. ಮಕ್ಕಳನ್ನು ಕೊಂದವರ ಮನೆಯ ಅನ್ನ. ಧರ್ಮರಾಜ ದಿನಾ ಅವರ ಅಪ್ಪಣೆ ಕೇಳಿಯೇ ಕೆಲಸ ನಡೆಸುತ್ತಿದ್ದ. ಮುದುಕನಿಗೆ ಮನಸ್ಸು ನೋಯುವ ಮಾತು ಯಾರೂ ಆಡಬಾರದೆಂದು ಕಟ್ಟಪ್ಪಣೆ.

ಭೀಮನಿಗೆ ಮಾತ್ರ ಆಗಲಿಲ್ಲ. ಅಣ್ಣನಿಗೆ ಕೇಳದಂತೆ, ಮುದುಕನಿಗೆ ಕೇಳುವಂತೆ, ತೋಳು ತಟ್ಟಿಕೊಂಡು ಕುರುಡನ ಮಕ್ಕಳನ್ನೆಲ್ಲ ಮುಗಿಸಿದ್ದು ಇವೇ ತೋಳು ಅಂತಿದ್ದ. ಅದನ್ನು ತಾಳಲಾರದೆಯೇ ಧೃತರಾಷ್ಟ್ರ ಕಾಡಿಗೆ ಹೊರಟದ್ದು. ಹೋಗುವ ಮೊದಲು ಭೀಷ್ಮ, ದ್ರೋಣ ಮತ್ತು ತನ್ನ ಮಕ್ಕಳ ಶ್ರಾದ್ಧಕ್ಕೆ ದುಡ್ಡು ಕೇಳಿದಾಗಲೂ ಭೀಮ ಅಡ್ಡ ಬಂದ. ಆಗ ಅರ್ಜುನ ಸಮಾಧಾನ ಹೇಳಿದ, ಧರ್ಮರಾಜ ನನ್ನ ಭಂಡಾರದಿಂದ ಬೇಕಾದಷ್ಟು ತೆಗೆದುಕೊಳ್ಳಲಿ ಎಂದ. ಗಾಂಧಾರಿಯ ಕೈ ಹಿಡಿದು ನಡೆಸಲು ಜೊತೆಗೆ ಹೋದವಳು ಕುಂತಿ. ಗೆದ್ದವರ ತಾಯಿ, ಮಕ್ಕಳು ಎಷ್ಟು ಬೇಡಿಕೊಂಡರೂ ನಿಲ್ಲಲಿಲ್ಲ. ಕರ್ಣನ ವಿಷಯ ಬಚ್ಚಿಟ್ಟ ಭಾರ ಅವಳದೂ ಇತ್ತಲ್ಲ. ಅಲ್ಲಿ ಮೂವರೂ ಕಾಡುಗಿಚ್ಚಿನಲ್ಲಿ ಹೋದರು.

ಜಮಖಂಡಿ ಜೋಳ

ಕರ್ಣಂದು ಬಂತಲ್ಲ, ಒಂದ ಮಾತು. ಜೂಜಿನ ಸಭಾದಾಗ ಸಿಟ್ಟು ನೆತ್ತಿಗೇರಿದ್ರೂ ಕರ್ಣನ ಪಾದ ನೋಡಿ ನನ್ನ ಸಿಟ್ಟು ಇಳೀತಿತ್ತು, ಅವು ನಮ್ಮವ್ವನ ಪಾದದಂಗ ಇದ್ದವು, ಯಾಕಂತ ತಿಳೀಲಿಲ್ಲ ಅಂತ ಧರ್ಮರಾಜ ನಾರದಗ ಹೇಳತಾನ. ಕಾಲಿನ ಗುರುತು ಹತ್ತಿತ್ತು, ಮನಷ್ಯಾನ ಗುರುತು ಹತ್ತಲಿಲ್ಲ.

ಗೋಳಗುಮ್ಮಟದ ಪಿಸುಮಾತು | ವಿಜಯಪುರ

ನಾ ಮೊದಲ ಬರದ ‘ಹೊಟ್ಟಿ ತುಂಬಿದವನ ಉಪವಾಸ’ ಅನ್ನೂ ಮಾತು ಅರ್ಧಾ ವಾಪಸ್ ತಗೋತೀನಿ. ಅರ್ಧಾ ಅಲ್ಲೇ ಇರ್ಲಿ. ಹದಿನೈದು ವರ್ಷ ಅನ್ನ ಹಾಕಿದ್ದು ದೊಡ್ಡದು. ಆದ್ರ ಒಳಗ ಭೀಮ ಏನ ಮಾತಾಡಾಕ ಹತ್ಯಾನ ಅನ್ನೂದು ಮನಿ ಯಜಮಾನಗ ಹದಿನೈದು ವರ್ಷ ಗೊತ್ತ ಆಗಲಿಲ್ಲಂದ್ರ ನಂಬೂದು ಕಠಿಣ. ಕೃಷ್ಣನ ಲೆಕ್ಕ ಅಂತೂ ಇನ್ನೂ ಬಾಕಿ ಐತಿ. ಗಾಂಧಾರಿ ನೀ ತಡೀಬಹುದಿತ್ತು, ತಡೀಲಿಲ್ಲ ಅಂತ ಮೂವತ್ತಾರನೇ ವರ್ಷಕ್ಕ ನಿನ್ನ ಕುಲಾನೂ ಹಿಂಗ ಆಗಲಿ ಅಂತ ಶಾಪ ಕೊಟ್ಳು. ಅವ ನಕ್ಕ ಒಪ್ಪಿಕೊಂಡ. ಆ ನಗಿ ನನಗ ಇನ್ನೂ ತಿಳದಿಲ್ಲ.

ಪಿಂಚಣಿ ಮಾಸ್ತರ | ಬಾಗಲಕೋಟೆ

ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಹಾಕಿದರೆ ದಸರಾ ತನಕ ಮುಗಿಯುವುದಿಲ್ಲ.

ಘಟಪ್ರಭಾ ದಂಡಿ | ಮುಧೋಳ ಕಡೆ

ಎಲ್ಲಾರಿಗೂ ಕೈಮುಗೀತೀನಿ. ಒಂದು ಸುದ್ದಿ ಐತಿ. ಇದನ್ನೆಲ್ಲ ಕಾಕಾಗ ಓದಿ ಹೇಳಿದೆ. ಟ್ರಂಕಿನ ಕಾಕಾರ ಮಾತು ಎರಡ ಸಲ ಓದಸಿದ. ಮರುದಿನ ಮ್ಯಾಳದವರನ್ನ ಕೂಡಿಸಿ, ಮುಂದಿನ ಆಟದಾಗ ಮಂಗಳಕ್ಕಿಂತ ಮೊದಲ ಗಾಂಧಾರಿ ಪ್ರವೇಶ ಹಾಕೂಣು ಅಂದ. ಹಾಡು ಕಟ್ಟೂದು ನಮ್ಮ ಮಾಸ್ತರಗ ಒಪ್ಪಿಸ್ಯಾರ. ಗಾಂಧಾರಿ ಪಾತ್ರ ಯಾರು ಮಾಡಬೇಕು ಅಂತ ಜಗಳ ಆತು. ಕಡೀಕ ದುರ್ಯೋಧನನ ಪಾತ್ರದವ ‘ನಾ ಹೆಂಗೂ ಸತ್ತಿರತೀನಲ್ಲ, ಖಾಲಿ ಇರತೀನಿ, ಸೀರಿ ಉಟಗೊಂಡು ಕಣ್ಣಿಗೆ ಅರಿವಿ ಕಟಗೊಂಡು ಬರತೀನಿ’ ಅಂದ. ಎಲ್ಲಾರೂ ನಕ್ಕರು.

ತಾಲೀಮಿನ್ಯಾಗ ಯಾರೂ ನಗಲಿಲ್ಲ. ಕಾಕಾ ಮೂವತ್ತು ವರ್ಷದಿಂದ ದುಶ್ಶಾಸನನ ರಗತ ಕುಡಿಯೂ ಪಾತ್ರ ಮಾಡ್ಯಾನ. ಕುಂಕುಮದ ನೀರು ಗಲ್ಲದಿಂದ ಎದಿತನಕ ಇಳೀಬೇಕು, ಮಂದಿ ಸೀಟಿ ಹೊಡೀಬೇಕು. ಈಗ ‘ಹಲ್ಲು ತುಟಿ ದಾಟಿಲ್ಲ ತಾಯಿ’ ಅನ್ನೂ ಮಾತು ಹೇಳಬೇಕು. ಮೂರು ಸಲ ಹೇಳಿದ, ಮೂರೂ ಸಲ ದನಿ ಬರಲಿಲ್ಲ. ‘ಇಷ್ಟ ವರ್ಷ ಕುಡದು ಈಗ ಕುಡದಿಲ್ಲ ಅಂದ್ರ ಮಂದಿ ನಂಬತಾರೇನೋ?’ ಅಂತ ನನ್ನ ಕೇಳಿದ. ನಾ ಏನ ಹೇಳ್ಲಿ.

ಕಾಕಾ ಒಂದ ಪ್ರಶ್ನಾ ಕೇಳಂದಾನ, ತಿಳಿದವರು ಹೇಳ್ರಿ. ಗಾಂಧಾರಿ ಮುಂದ ಬಂದು ನಿಂತಾಗ ಭೀಮನ ಕೈಯಾಗ ಗದಾ ಇರಬೇಕೋ, ಹೊರಗ ಇಟ್ಟು ಬರಬೇಕೋ?

ಹಳೇ ಟ್ರಂಕು | ಬೆಳಗಾವಿ ಜಿಲ್ಲೆ

ಹೊರಗ ಇಟ್ಟು ಬರ್ಲಿ ತಮ್ಮಾ. ಕಾಲಾನ ಗೆಜ್ಜಿನೂ ಬಿಚ್ಚಿ ಬರ್ಲಿ.